ಎರೆ ಹೊಲದಲ್ಲಿ 32 ತಂತಿ: ನನ್ನ ಅನುಭವ

ನೆಟ್ಟಗೆ ನಿಲ್ಲಿಸುವ ಒಂಟಿ ಸರಳಿನ ಆಂಟೆನಾದ ಅರ್ಧ ಭಾಗ ನೆಲದಲ್ಲಿ ಇರುತ್ತದೆ. ಇದನ್ನು ನನಗೆ ಮೊದಲು ಕಲಿಸಿದ್ದು ನಮ್ಮವ್ವನ ರೊಟ್ಟಿ ಹಂಚು.

ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದ ಹೊಸತು. ಕಾರಿನ ಮೇಲೆ ಕೂರಿಸುವ, ಅಯಸ್ಕಾಂತದ ಬುಡ ಇರುವ 2 ಮೀಟರ್ ಬ್ಯಾಂಡಿನ, ಅಂದರೆ ಸುಮಾರು 2 ಮೀಟರ್ ಉದ್ದದ ಅಲೆಗಳ ಆಂಟೆನಾ ಇತ್ತು. ಕಾರಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹುಬ್ಬಳ್ಳಿಯ ಮನೆಯ ಮಾಳಿಗೆ ಮೇಲೆ ಪ್ಲಾಸ್ಟಿಕ್ ಟ್ಯಾಂಕಿನ ಮೇಲಿಟ್ಟರೆ ಎಸ್‌ಡಬ್ಲ್ಯುಆರ್ 3 ದಾಟಿತು. ರೇಡಿಯೋಗೂ ಆಂಟೆನಾಕ್ಕೂ ಎಷ್ಟು ಹೊಂದುತ್ತದೆ ಅಂತ ತೋರಿಸುವ ಅಂಕಿ ಅದು; 1 ಅಂದರೆ ಪೂರ್ತಿ ಹೊಂದಿಕೆ, ಹೆಚ್ಚಾದಷ್ಟೂ ಕೆಟ್ಟದು. ಕೆಳಗೆ ಹಂಚು ಇಟ್ಟೆ. ಸ್ವಲ್ಪ ಇಳಿಯಿತು, ಆದರೆ ಸಾಲಲಿಲ್ಲ. 145 ಮೆಗಾಹರ್ಟ್ಸ್‌ಗೆ ಕಾಲು ಅಲೆ (ಅಲೆಯ ಉದ್ದದ ಕಾಲು ಭಾಗ) ಅಂದರೆ ಸುಮಾರು 50 ಸೆಂಟಿಮೀಟರ್. ಸರಳಿನ ಸುತ್ತ ಎಲ್ಲ ದಿಕ್ಕಿಗೂ ಹತ್ತಿರ ಹತ್ತಿರ ಅಷ್ಟು ಲೋಹ ಬೇಕು. ಹಂಚಿನ ನಡುವಿನಿಂದ ಅಂಚಿಗೆ 15 ಸೆಂಟಿಮೀಟರ್ ಮಾತ್ರ. ಒಂದು ಮೀಟರ್ ಅಗಲದ ಕಬ್ಬಿಣದ ತಗಡು ಹಾಕಿದ ಮೇಲೆ 1.5ಕ್ಕೆ ಬಂತು. ಕಾರಿನ ಛಾವಣಿ ಅಷ್ಟು ದಿನ ಸುಮ್ನೆ ಕೂತಿರಲಿಲ್ಲ, ಅದೂ ಆಂಟೆನಾನೇ ಆಗಿತ್ತು.

ಆದರೆ ನಾನು ಹೇಳಬೇಕಾಗಿರುವುದು 40 ಮೀಟರ್ ಬ್ಯಾಂಡಿನ ಕಥೆ. 7.1 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ನೇರ ಆಂಟೆನಾ 10 ಮೀಟರ್ ಎತ್ತರ ಆಗುತ್ತದೆ. ಊರಲ್ಲಿ ಜಾಗ ಇಲ್ಲ. ಅಣ್ಣಿಗೇರಿ ಹತ್ತಿರ ನಮ್ಮ ಹೊಲ ಇದೆ, ಕಾಕಾ ನೋಡಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಹೊಲ ಖಾಲಿ ಇದ್ದಾಗ ಹೋದೆ. ನಾನು ಬದುವಿನಿಂದ ಒಳಗೆ ಗೂಟ ಹೊಡೆಯಲು ಶುರು ಮಾಡಿದ್ದನ್ನು ನೋಡಿ ಕಾಕಾ ಕೂಗಿದರು: "ಅಲ್ಲಿ ಬ್ಯಾಡೋ ತಮ್ಮಾ, ಅಲ್ಲಿ ಕುಂಟಿ ಹೊಡಿಬೇಕು. ಕಣದ ಕಡೆ ಹಾಕು, ಅಲ್ಲಿ ಯಾರೂ ಬರಂಗಿಲ್ಲ."

ಎರಡು ಬಿದಿರಿನ ಗಳ ಜೋಡಿಸಿ ಕಟ್ಟಿ, ಉದ್ದಕ್ಕೂ ತಾಮ್ರದ ತಂತಿ ಬಿಟ್ಟು, ನೈಲಾನ್ ಹಗ್ಗದಿಂದ ಎಳೆದು ನಿಲ್ಲಿಸಿದೆವು. ಬುಡದಲ್ಲಿ ಒಂದು ಅರ್ಥಿಂಗ್ ರಾಡ್ ಹೊಡೆದು ಕೇಬಲಿನ ಹೊರ ಜಾಲರಿಯನ್ನು ಅದಕ್ಕೆ ಕಟ್ಟಿದೆ. ನ್ಯಾನೋವಿಎನ್ಎ ಅನ್ನುವ ಆಂಟೆನಾ ಅಳೆಯುವ ಪುಟ್ಟ ಸಾಧನದಲ್ಲಿ ಅಳೆದರೆ 85 ಓಮ್. ರೇಡಿಯೋ, ಕೇಬಲ್ ಎರಡೂ 50 ಓಮಿನವು, ಹಾಗಾಗಿ ಎಸ್‌ಡಬ್ಲ್ಯುಆರ್ 1.7. ಪರವಾಗಿಲ್ಲ ಅನಿಸುವ ಅಂಕಿ, ಅಲ್ವಾ? ಆದರೆ ಒಳ್ಳೆಯ ನೆಲದ ಮೇಲೆ ಕಾಲು ಅಲೆಯ ಆಂಟೆನಾ ತೋರಿಸಬೇಕಾದದ್ದು ಸುಮಾರು 36 ಓಮ್. ಉಳಿದ 49 ಓಮ್ ಎಲ್ಲಿಂದ ಬಂತು? ಅದು ಮಣ್ಣಿನದು. ಸರಳಿನಿಂದ ಹೊರಟ ವಿದ್ಯುತ್ ಕ್ಷೇತ್ರ ಸುತ್ತಲ ನೆಲಕ್ಕೆ ಇಳಿಯುತ್ತದೆ. ಅಲ್ಲಿಂದ ಕರೆಂಟ್ ಬುಡಕ್ಕೆ ತಿರುಗಿ ಬರಬೇಕು. ದಾರಿಯಲ್ಲಿ ತಂತಿ ಇಲ್ಲದಿದ್ದರೆ ಮಣ್ಣಿನೊಳಗೇ ಹರಿದು ಬರುತ್ತದೆ, ಬರುತ್ತಾ ಮಣ್ಣನ್ನು ಕಾಯಿಸುತ್ತದೆ. ಲೆಕ್ಕ ಹಾಕಿ ನೋಡಿ. 85ರಲ್ಲಿ 36 ಅಂದರೆ ನೂರಕ್ಕೆ 42. ನಾನು ಕೊಟ್ಟ 50 ವ್ಯಾಟ್‌ನಲ್ಲಿ 21 ವ್ಯಾಟ್ ಮಾತ್ರ ಗಾಳಿಗೆ ಹೋಗುತ್ತಿತ್ತು. ಅರ್ಥಿಂಗ್ ರಾಡ್ ಸಿಡಿಲಿನ ರಕ್ಷಣೆಗೆ ಬೇಕೇ ಬೇಕು. ಆದರೆ ಇಂಥ ಆಂಟೆನಾಕ್ಕೆ ಅದೊಂದೇ ನೆಲ ಆಗುವುದಿಲ್ಲ.

ಆಮೇಲೆ ಬುಡದಿಂದ ಸುತ್ತಲೂ 5 ಮೀಟರಿನ ತಂತಿಗಳನ್ನು ಹಾಸಲು ಶುರು ಮಾಡಿದೆ. ಇವಕ್ಕೆ ರೇಡಿಯಲ್ ಅನ್ನುತ್ತಾರೆ. ಮನೆ ವೈರಿಂಗಿನ ಮಾಮೂಲಿ ವೈರ್, 90 ಮೀಟರಿನ ಎರಡು ಸುರುಳಿ. ಮೇಲಿನ ಪ್ಲಾಸ್ಟಿಕ್ ಸುಲಿಯುವ ಅಗತ್ಯ ಇಲ್ಲ. 8 ತಂತಿ ಆದಾಗ 51 ಓಮ್ ಬಂತು. ಎಸ್‌ಡಬ್ಲ್ಯುಆರ್ ಸುಮಾರು 1.0! ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೂ ನಿಲ್ಲಿಸೋಣ ಅನಿಸಿತು. ಬಿಸಿಲು ಬೇರೆ. ಆದರೆ 51ರಲ್ಲಿ 15 ಓಮ್ ಇನ್ನೂ ಮಣ್ಣಿನದೇ. ಮುಂದುವರಿಸಿದೆ. 32 ತಂತಿ ಆದಾಗ 40 ಓಮ್. ಎಸ್‌ಡಬ್ಲ್ಯುಆರ್ 1.25ಕ್ಕೆ ಏರಿತು, ಅಂದರೆ ಕೆಟ್ಟಿತು! ಅದೇ ಹೊತ್ತಿಗೆ ಗಾಳಿಗೆ ಹೋಗುವ ಪಾಲು ನೂರಕ್ಕೆ 90 ಆಯಿತು. ಕಣದ ಆಚೆ ತುದಿಗೆ ಡಯೋಡ್ ಮತ್ತು ಮುಳ್ಳಿನ ಮೀಟರ್ ಸೇರಿಸಿ ಮಾಡಿದ ಕ್ಷೇತ್ರ ಅಳೆಯುವ ಪೆಟ್ಟಿಗೆ ಇಟ್ಟಿದ್ದೆ. ತಂತಿ ಹೆಚ್ಚಾದಂತೆ ಅದರ ಮುಳ್ಳು ಮೇಲಕ್ಕೇ ಹೋಯಿತು. ಅದಕ್ಕೇ ಹೇಳುತ್ತೇನೆ, ಎಸ್‌ಡಬ್ಲ್ಯುಆರ್ ಒಂದನ್ನೇ ನಂಬಿ ನೆಲವನ್ನು ಅಳೆಯಬೇಡಿ. ಓಮ್ ಎಷ್ಟು ನೋಡಿ.

ಉದ್ದದ ನಾಲ್ಕು ತಂತಿಗಿಂತ ಗಿಡ್ಡ ತಂತಿ ಜಾಸ್ತಿ ಇದ್ದರೆ ಒಳ್ಳೆಯದು, ಯಾಕೆಂದರೆ ಬುಡದ ಹತ್ತಿರವೇ ಕರೆಂಟ್ ದಟ್ಟವಾಗಿರುತ್ತದೆ. ನೆಲಕ್ಕೆ ತಾಗಿದ ತಂತಿಯ ಉದ್ದ ಒಂದಡಿ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ನೆಲ ಬಿಟ್ಟು ಎತ್ತರದಲ್ಲಿ ಕಟ್ಟಿದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ನಾಲ್ಕೇ ಸಾಕು, ಆದರೆ ಒಂದೊಂದನ್ನೂ ಕಾಲು ಅಲೆಗೆ ಸರಿಯಾಗಿ ಕತ್ತರಿಸಬೇಕು. ಅವನ್ನು 45 ಡಿಗ್ರಿ ಕೆಳಗೆ ಬಾಗಿಸಿದರೆ 50 ಓಮ್ ಹತ್ತಿರ ಬರುತ್ತದೆ. ಈಗ ನಮ್ಮ ಮಾಳಿಗೆಯಲ್ಲಿ ತಗಡಿನ ಬದಲು ಅಂಥದ್ದೇ ಇದೆ.

ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನ ಅಲೆ 392 ಮೀಟರ್ ಉದ್ದ. ಅಂಥ ಮೀಡಿಯಂ ವೇವ್ ಕಂಬಗಳ ಬುಡದಲ್ಲಿ 120 ತಾಮ್ರದ ತಂತಿ ಹೂಳುವ ವಾಡಿಕೆ ಇದೆ. ಅದರ ಹಿಂದಿರುವುದು ಅಮೆರಿಕದ ಆರ್‌ಸಿಎ ಕಂಪನಿಯ ಬ್ರೌನ್, ಲೂಯಿಸ್, ಎಪ್‌ಸ್ಟೈನ್ 1937ರಲ್ಲಿ ಪ್ರಕಟಿಸಿದ ಅಳತೆಗಳು. ಅವರೂ ಹೀಗೇ ತಂತಿ ಹೆಚ್ಚಿಸುತ್ತಾ ಅಳೆದವರು. ಹೊಲದಲ್ಲಿ ಬಗ್ಗಿ ಗೂಟ ಹೊಡೆಯುವಾಗ ಅವರ ನೆನಪು ನನಗೆ ಬಹಳ ಬಲ ಕೊಟ್ಟಿತು.

ಏಪ್ರಿಲ್‌ನಲ್ಲಿ ಎರೆ ಬಾಯಿ ಬಿಟ್ಟಿತ್ತು, ಬಿರುಕಿನಲ್ಲಿ ಕೈ ಹೋಗುತ್ತಿತ್ತು. ಜೂನ್‌ನಲ್ಲಿ ಎರಡು ಹದ ಮಳೆ ಆದ ಮೇಲೆ ಮತ್ತೆ ಹೋಗಿ, ರೇಡಿಯಲ್‌ಗಳನ್ನು ಬಿಚ್ಚಿ ಬರೀ ರಾಡ್ ಇಟ್ಟು ಅಳೆದೆ. 85 ಇದ್ದದ್ದು 66 ಆಗಿತ್ತು. ಹಸಿ ಎರೆ ಮಣ್ಣು ಅಷ್ಟು ಚೆನ್ನಾಗಿ ಕರೆಂಟ್ ಬಿಡುತ್ತದೆ. 32 ತಂತಿಯನ್ನೂ ಮತ್ತೆ ಕಟ್ಟಿದೆ. 39 ಓಮ್. ಬೇಸಿಗೆಗೂ ಮಳೆಗಾಲಕ್ಕೂ ಒಂದೇ ಓಮ್ ವ್ಯತ್ಯಾಸ. ಕಾಕಾ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಹಂಗಾರ ಈಗ ಮಳಿ ಬಂದ್ರೂ ಬರದಿದ್ರೂ ಇದಕ್ಕ ಒಂದ?" ಅಂದರು. ಹೌದು ಕಾಕಾ, ಅಂದೆ.