ಕೆರೆ ಪುಸ್ತಕದ ಕರಡು ಕೋಡಿ ಬಿದ್ದದ್ದು ಹೀಗೆ

ಕೋಲಾರದ ಕೆರೆಗಳ ಬಗ್ಗೆ ನಾನು ಬರೆಯುತ್ತಿದ್ದ ಪುಸ್ತಕದ ಮೊದಲ ಕರಡು ಕಳೆದ ತಿಂಗಳು ಮುಗಿಯಿತು. 11 ಅಧ್ಯಾಯ, ಹತ್ತಿರಹತ್ತಿರ 52 ಸಾವಿರ ಪದ. "ಕಾಲಾನುಕ್ರಮ ಬಿಟ್ಟರೆ ಪುಸ್ತಕ ನಿಲ್ಲಲ್ಲ" ಎಂದು ಇಬ್ಬರು ಹಿರಿಯ ಲೇಖಕರು ಹೇಳಿದ್ದರು. ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾನೂ ಕಾಲಾನುಕ್ರಮದಲ್ಲೇ ಹೊರಟಿದ್ದೆ. ಗಂಗರು, ಚೋಳರು, ಪಾಳೆಯಗಾರರು, ಮೈಸೂರು ಸಂಸ್ಥಾನ, ಹೀಗೆ 22 ಅಧ್ಯಾಯದ ಪಟ್ಟಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ, 1905ರದ್ದು, ಪೂರ್ತಿ ಕೋಲಾರ ಜಿಲ್ಲೆಯದೇ. ಅದರೊಳಗೆ ಇಳಿದವನು ಒಂದು ವರ್ಷ ಮೇಲೆ ಬರಲಿಲ್ಲ. ಕೆರೆ ಕಟ್ಟಿಸಿದವರಿಗೆ ಬಿಟ್ಟ ಕಟ್ಟುಕೊಡಗೆ ಗದ್ದೆಗಳ ಶಾಸನವನ್ನೇ ನಾಲ್ಕು ನೋಟ್‌ಬುಕ್ ತುಂಬ ಇಳಿಸಿಕೊಂಡೆ. ಅಧ್ಯಾಯ ಮಾತ್ರ ಒಂದೂ ಮುಗಿಯಲಿಲ್ಲ. ಜೆರಾಕ್ಸ್, ಪೆಟ್ರೋಲು, ಡಿಟಿಪಿ ಸೇರಿ 35 ಸಾವಿರ ಹೋಗಿರಬೇಕು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದ 140 ಪುಟವನ್ನು ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಕಲಸಿಹೋದವು. ಪುಟಕ್ಕೆ 30 ರೂಪಾಯಿ ಕೊಟ್ಟಿದ್ದೆ. ತಿದ್ದಲು ಕೂತರೆ ಹೊಸದಾಗಿ ಬರೆಯುವಷ್ಟೇ ಹೊತ್ತು. ಬಿಟ್ಟುಬಿಟ್ಟೆ.

ದಾರಿ ತೋರಿಸಿದ್ದು ಒಬ್ಬ ನೀರುಗಂಟಿ ತಾತ, ಕೆರೆ ನೀರನ್ನು ಗದ್ದೆಗಳಿಗೆ ಹಂಚುವವರು. ಏರಿ ಮೇಲೆ ಕೂತು, "ಈ ಕೆರೆ ಕತೆ ಬೇಕು ಅಂದ್ರೆ ಮೇಲಿನ ಕೆರೆಯಿಂದ ಕೇಳಪ್ಪ. ಅದು ಕೋಡಿ ಬಿದ್ದ ಮೇಲೇ ಇಲ್ಲಿಗೆ ನೀರು" ಎಂದರು. ಆ ರಾತ್ರಿಯೇ 22 ಅಧ್ಯಾಯದ ಪಟ್ಟಿ ಹರಿದು ಹಾಕಿದೆ. ಪುಸ್ತಕವೂ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಇಳಿಯಲಿ ಅಂತ. ಒಂದು ಕೆರೆಗೆ ಒಂದು ಅಧ್ಯಾಯ. ಕೊನೆಯ ಪುಟ ಕೆರೆ ತುಂಬಿ ನೀರು ಹೊರಬೀಳುವ ಕೋಡಿಯಲ್ಲಿ ನಿಲ್ಲಬೇಕು, ಮುಂದಿನದರ ಮೊದಲ ಪುಟ ಕೆಳಗಿನ ಕೆರೆ ಅಂಗಳದಲ್ಲಿ. ಶಾಸನ ಯಾವ ಕೆರೆಯ ಹತ್ತಿರ ಇದೆಯೋ ಅಲ್ಲೇ ಬರಲಿ. ಬೇತಮಂಗಲದ ಕೆರೆಗೆ ಬಂದಾಗ ಕೆಜಿಎಫ್ ಗಣಿಗೆ ಹೋದ ನೀರು ತಾನಾಗಿ ಬಂತು. 2018ರಲ್ಲಿ ಬೆಂಗಳೂರಿನಿಂದ ಬಂದ ಕೆ.ಸಿ. ವ್ಯಾಲಿ ಯೋಜನೆಯ ಶುದ್ಧೀಕರಿಸಿದ ಕೊಳಚೆ ನೀರಿಗೂ ಬೇರೆ ಅಧ್ಯಾಯ ಬೇಕಾಗಲಿಲ್ಲ. ಅದೂ ಕೆರೆಯಿಂದ ಕೆರೆಗೇ ಇಳಿಯುತ್ತದೆ, ಅಲ್ವಾ?

ಟಿಪ್ಪಣಿಯನ್ನು ಈ ಸಲ ನೋಟ್‌ಬುಕ್ ಬದಲು ಕಾರ್ಡಿನಲ್ಲಿ ಬರೆದುಕೊಂಡೆ. ಕಾರ್ಡಿಗೆ ದುಡ್ಡು ಹಾಕಲಿಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಸಾಕಾಯಿತು. ಒಂದು ಕಾರ್ಡಿಗೆ ಒಂದೇ ಸಂಗತಿ. ಗದ್ದೆಗೆ ನೀರು ಬಿಡುವ ತೂಬಿನ ಬಗ್ಗೆ ಒಂದರಲ್ಲಿ ಹೀಗಿದೆ: "ತೂಬಿನ ಕಲ್ಲುಕಂಬದಲ್ಲಿ ಮೂರು ಗೀರು. ಮೂರನೆಯದು ಮುಳುಗಿದರೆ ಭತ್ತ, ಇಲ್ಲದಿದ್ದರೆ ರಾಗಿ." ಅಧ್ಯಾಯಕ್ಕೆ 30 ಕಾರ್ಡ್ ಮೀರಬಾರದು. ಯಾವ ಕಾರ್ಡ್ ಮೊದಲು ಬರಬೇಕು ಎನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಪುಸ್ತಕ ಅಚ್ಚಾದ ಮೇಲೆ ಹೇಳುತ್ತೇನೆ.

ಬರೆದದ್ದಕ್ಕಿಂತ ಹೇಳಿದ್ದೇ ಜಾಸ್ತಿ. ಸಂಜೆ ಹೆಂಡತಿ ಅವರೆಕಾಯಿ ಬಿಡಿಸುತ್ತಾ ಕೂತರೆ, ನಾನು ಎದುರಿಗೆ ಕಾರ್ಡು ಹಿಡಿದು ಅಧ್ಯಾಯ ಹೇಳುತ್ತಿದ್ದೆ. ಮೊಬೈಲಿನ ವಾಯ್ಸ್ ಟೈಪಿಂಗ್ ಬರೆದುಕೊಳ್ಳುತ್ತಿತ್ತು. ಕೋಡಿ ಎಂದರೆ ಕೋಟಿ, ತೂಬು ಎಂದರೆ ಟ್ಯೂಬ್. ಬೆಳಗ್ಗೆ ಎದ್ದು ತಿದ್ದಿದರೆ ದಿನಕ್ಕೆ 600, 700 ಪದ ಉಳಿಯುತ್ತಿತ್ತು. ಅವಳು "ಆಮೇಲೆ?" ಎಂದು ಕೇಳಿದ ಜಾಗ ಮುಟ್ಟಲಿಲ್ಲ. ಸುಮ್ನೆ ಕಾಯಿ ಬಿಡಿಸಿಕೊಂಡಿದ್ದರೆ ಆ ಭಾಗಕ್ಕೆ ಕೆಂಪು ಗೆರೆ.

ನಡುವೆ ಒಂದು ಅಧ್ಯಾಯವನ್ನು ಪೂರ್ತಿ ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲೇ ಬರೆದು ನೋಡಿದೆ. ಕೇಳಲು ಸೊಗಸಾಗಿತ್ತು, ಓದಿದರೆ ಮೂರನೇ ಪುಟಕ್ಕೇ ಸುಸ್ತು. ಜನರ ಮಾತಿಗೆ ಮಾತ್ರ ಉಳಿಸಿಕೊಂಡೆ.

ಈ ಸಲ ಏಳು ತಿಂಗಳು, ಖರ್ಚು 9 ಸಾವಿರದ ಆಸುಪಾಸು. ಬೇಡ ಎಂದಿದ್ದ ಹಿರಿಯರಲ್ಲಿ ಒಬ್ಬರಿಗೆ ಮೂರು ಅಧ್ಯಾಯ ಕೊಟ್ಟಿದ್ದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಉಳಿದದ್ದನ್ನು ಕೇಳಿದರು.

ಕಳೆದ ವಾರ ಏರಿ ಮೇಲೆ ಕೂತು ತಾತನಿಗೂ ಓದಿ ಹೇಳಿದೆ. ಆರನೇ ಅಧ್ಯಾಯದಲ್ಲಿ ನಾನು ಕೋಡಿಯನ್ನು ಬಡಗಲಿಗೆ ಹರಿಸಿದ್ದೆ. "ಮೂಡಲಿಗೆ ಕಣಪ್ಪ" ಎಂದರು. ಹೋಗಿ ನೋಡಿದರೆ ಅವರ ಮಾತೇ ಸರಿ. ಈಗ ಏಳನೆಯದರ ಮೊದಲ ಎರಡು ಪುಟವನ್ನೂ ಬದಲಿಸಬೇಕು. ಈ ವಾರ ಅದೇ ಕೆಲಸ.