ನೆತ್ತಿಗೆ ಹತ್ತದಂತೆ ಉಣಿಸುವುದು ಹೇಗೆ?

ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪಿರುವ ಸ್ಥಿತಿ) ಇರುವ ಮಗುವಿಗೆ ಉಣಿಸುವಾಗ ನೆತ್ತಿಗೆ ಹತ್ತುವುದಕ್ಕೆ ಹೆಚ್ಚಿನ ಸಲ ಎರಡು ಕಾರಣ: ಕುತ್ತಿಗೆ ಹಿಂದಕ್ಕೆ ವಾಲಿರುತ್ತದೆ, ತುತ್ತು ತೀರಾ ನೀರಾಗಿರುತ್ತದೆ. ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಸುರಿಯುವ ಎಳೆಗೂಸಿನ ರೂಢಿ ಕೆಲವು ಮನೆಗಳಲ್ಲಿ ಐದಾರು ವರ್ಷದವರೆಗೂ ನಡೆದಿರುತ್ತದೆ. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ಬಾಯಿ ತೆರೆದುಕೊಂಡು, ಹೊಟ್ಟೆಗೆ ಇಳಿಯಬೇಕಾದ ಗಂಜಿ ಶ್ವಾಸಕೋಶದ ದಾರಿ ಹಿಡಿಯುತ್ತದೆ. ಪದೇ ಪದೇ ನ್ಯುಮೋನಿಯಾ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಕೂರಿಸುವುದು

ಸೊಂಟ, ಮಂಡಿ, ಪಾದದ ಕೀಲು ಮೂರೂ 90 ಡಿಗ್ರಿಯಲ್ಲಿರಲಿ. ಪಾದ ತೂಗಾಡಿದರೆ ಮೈ ಸೆಟೆದು ತಲೆ ಹಿಂದಕ್ಕೆ ನೂಕುತ್ತದೆ. ಕೆಳಗೊಂದು ಗಟ್ಟಿ ಮಣೆ ಇಡಿ. ಗದ್ದ ಎದೆಯ ಕಡೆಗೆ ಕೊಂಚ ಬಾಗಿರಲಿ, ತಾಕುವಷ್ಟಲ್ಲ. ಎರಡು ಪ್ಲೈವುಡ್ ಹಲಗೆಗಳನ್ನು ಮೂಲೆಯಂತೆ ಜೋಡಿಸಿ, ತೊಡೆಗಳ ನಡುವೆ ದಿಮ್ಮಿ ಕೊಟ್ಟ ಕಾರ್ನರ್ ಸೀಟನ್ನು ಬಡಗಿಯಿಂದಲೇ ಮಾಡಿಸಬಹುದು. ಅಳತೆ ಮಾತ್ರ ಥೆರಪಿಸ್ಟ್ ಕೊಡಬೇಕು. ಬೆಂಗಳೂರಿನ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಕಡೆ ವಿಚಾರಿಸಿ. ಮಗು ಬೆಳೆದಂತೆ ಅಳತೆ ಬದಲಾಗುತ್ತದೆ.

ನೀವು ನಿಂತು ಉಣಿಸಬೇಡಿ. ನಿಂತವರ ಮುಖ ನೋಡಲು ಮಗು ಕತ್ತೆತ್ತುತ್ತದೆ, ಅಲ್ಲಿಗೆ ಕೂರಿಸಿದ ಶ್ರಮವೆಲ್ಲ ವ್ಯರ್ಥ. ತಗ್ಗು ಸ್ಟೂಲಿನ ಮೇಲೆ ಎದುರಿಗೆ ಕುಳಿತುಕೊಳ್ಳಿ.

ಹದ

ನೀರು, ತಿಳಿಸಾರು, ಮಜ್ಜಿಗೆ ಗಂಟಲಲ್ಲಿ ಸರಕ್ಕನೆ ಜಾರುವುದರಿಂದ ಅವೇ ಹೆಚ್ಚು ಕಷ್ಟ. ಸಾರಿನಲ್ಲಿ ತೇಲುವ ಅನ್ನದ ಅಗುಳು ಇನ್ನೂ ಕಷ್ಟ: ಬಾಯಿ ಅಗುಳನ್ನು ಸಂಭಾಳಿಸುವಷ್ಟರಲ್ಲಿ ಸಾರು ಆಗಲೇ ಇಳಿದಿರುತ್ತದೆ. ಒಗ್ಗರಣೆಯ ಸಾಸಿವೆ, ಕಡಲೆಬೇಳೆ, ಶೇಂಗಾ ಬೇಡವೇ ಬೇಡ. ಮುದ್ದೆ ಅಗಿಯಬೇಕಿಲ್ಲ, ಹಾಗಾಗಿ ಸುಲಭ ಎಂದು ಅಜ್ಜಿಯರು ಹೇಳುವುದುಂಟು. ಆದರೆ ಅಂಟುವ ಉಂಡೆ ಸಿಕ್ಕಿಕೊಂಡರೆ ಈ ಮಕ್ಕಳಿಗೆ ಕೆಮ್ಮಿ ಹೊರಹಾಕುವ ಬಲ ಸಾಲದು.

ಒಂದು ಲೋಟ, ಅಂದರೆ 200 ಮಿ.ಲೀ. ನೀರಿಗೆ 2 ದೊಡ್ಡ ಚಮಚ ರಾಗಿ ಹಿಟ್ಟಿನಿಂದ ಶುರು ಮಾಡಿ. ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ ಬೇಯಿಸಿ. ಆರಿದಂತೆ ಗಟ್ಟಿಯಾಗುವುದರಿಂದ ಉಣಿಸುವ ಬಿಸಿಯಲ್ಲೇ ಹದ ನೋಡಿ. ಚಮಚ ವಾಲಿಸಿದಾಗ ಧಾರೆಯಾದರೆ ತೆಳು, ಒಂದೇ ಮುದ್ದೆಯಾಗಿ ಜಾರಿದರೆ ಸರಿ, ಅಂಟಿಕೊಂಡೇ ಉಳಿದರೆ ಅತಿ ಗಟ್ಟಿ. ಎಂಜಲು ಚಮಚವನ್ನು ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಜೊಲ್ಲು ಪಿಷ್ಟವನ್ನು ಕರಗಿಸಿ ಗಂಜಿಯನ್ನು ನೀರಾಗಿಸುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ.

ತುತ್ತು

ಅರ್ಧ ಚಹಾ ಚಮಚ ಸಾಕು. ಆಳವಿಲ್ಲದ ಸಿಲಿಕಾನ್ ಚಮಚವಾದರೆ ಕಚ್ಚಿ ಹಿಡಿದರೂ ಹಲ್ಲಿಗೆ ಪೆಟ್ಟಿಲ್ಲ. ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ಮುಚ್ಚಲು ಬಿಟ್ಟು, ನೇರವಾಗಿ ಹೊರಗೆಳೆಯಿರಿ. ಮೇಲಿನ ಹಲ್ಲಿಗೆ ಸವರಿ ತೆಗೆದರೆ ತಲೆ ಮತ್ತೆ ಹಿಂದಕ್ಕೆ ಹೋಗುತ್ತದೆ. ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನ ತುತ್ತು. ಪ್ಲಾಸ್ಟಿಕ್ ಲೋಟದ ಅಂಚಿನಲ್ಲಿ ಮೂಗಿನಷ್ಟು ಜಾಗ ಕತ್ತರಿಸಿ, ಉಜ್ಜಿ ನಯ ಮಾಡಿದರೆ ಕತ್ತೆತ್ತದೆ ಕುಡಿಯಬಹುದು.

ಅರ್ಧ ಗಂಟೆ ದಾಟಿದರೆ ನಿಲ್ಲಿಸಿ. ದಣಿದ ಬಾಯಿ ತಪ್ಪುತ್ತದೆ. ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ಕೊಡಿ. ಒಂದು ಚಹಾ ಚಮಚ ತುಪ್ಪ ಬೆರೆಸಿದರೆ ಸುಮಾರು 45 ಕ್ಯಾಲೊರಿ ಸೇರುತ್ತದೆ, ಊಟದ ಪ್ರಮಾಣ ಹೆಚ್ಚಿಸಬೇಕಿಲ್ಲ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಫಿಟ್ಸ್ ಬಂದು ಮಂಪರಿನಲ್ಲಿರುವಾಗ ಗುಟುಕು ನೀರೂ ಬೇಡ.

ನೆತ್ತಿಗೆ ಹತ್ತಿದರೆ

ನೆತ್ತಿ ತಟ್ಟಿ ಮೇಲೆ ನೋಡಿಸುವುದು ನಮ್ಮ ಪದ್ಧತಿ; ಇಲ್ಲಿ ಅದೇ ಅಪಾಯ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಬಾಗಿಸಿ ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು ಕೊಡಿ. ಆಗದಿದ್ದರೆ, ವರ್ಷ ತುಂಬಿದ ಮಗುವಾದರೆ ಹೊಕ್ಕುಳಿಗಿಂತ ತುಸು ಮೇಲೆ ಒಳಮುಖವಾಗಿ ಮೇಲಕ್ಕೆ 5 ಬಾರಿ ಒತ್ತಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕೆಮ್ಮೇ ಇಲ್ಲದೆ ಒಳಹೋಗುವುದೂ ಉಂಟು. ಊಟದ ನಂತರ ದನಿ ಗೊರಗೊರ ಎನ್ನುವುದು, ಕಣ್ಣಲ್ಲಿ ನೀರಾಡುವುದು, ತೂಕ ಏರದಿರುವುದು ಅದರ ಸುಳಿವು. ನಿಮ್ಹಾನ್ಸ್‌ನ ವಾಕ್ ಚಿಕಿತ್ಸಾ ವಿಭಾಗದಲ್ಲಿ ತೋರಿಸಿ.

ಥೆರಪಿಯೂ ಸೇರಿದಂತೆ ಚಿಕಿತ್ಸೆಯ ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಿದೆ: ಎಲ್ಲ ಸೇರಿ 1 ಲಕ್ಷ ರೂಪಾಯಿವರೆಗೆ, ಮುಂಚಿತ ವೈದ್ಯಕೀಯ ಪರೀಕ್ಷೆಯಿಲ್ಲ. ಅದರ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣ ಮರೆಯಬೇಡಿ. ಅಪ್ಪನಿಗೋ ಅಜ್ಜಿಗೋ ವಾರಕ್ಕೆ ನಾಲ್ಕು ಊಟವಾದರೂ ವಹಿಸಿ. ಮೊದಲ ವಾರ ಪಕ್ಕದಲ್ಲಿ ಕುಳಿತು ನೋಡಿ. ಅವರ ಮೊದಲ ತಪ್ಪು ಸಾಮಾನ್ಯವಾಗಿ ಒಂದೇ, ಚಮಚ ತುಂಬಾ ತುಂಬುವುದು.