ಒದ್ದೆ ಕುದುರೆ ರಗ್ಗನ್ನು ಹಾಳು ಮಾಡದೆ ಒಣಗಿಸೋದು

ಇಂಗ್ಲೆಂಡಿನಲ್ಲಿ ನವೆಂಬರ್ ಬಂತೆಂದರೆ ಸಾಕು, ಲಾಯದ ಬಾಗಿಲು, ಬೇಲಿ ಎಲ್ಲಾ ಕಡೆ ಒದ್ದೆ ಟರ್ನ್‌ಔಟ್ ರಗ್ಗುಗಳದ್ದೇ ಕಾರುಬಾರು. ಮಳೆಯಲ್ಲೂ ಕುದುರೆಯನ್ನು ಬಯಲಿಗೆ ಬಿಡುವಾಗ ಹೊದಿಸುವ ರಗ್ಗು ಇದು. ಹೊರಗೆ ಗಟ್ಟಿ ಪಾಲಿಯೆಸ್ಟರ್ ಅಥವಾ ನೈಲಾನ್, ಅದರ ಒಳಮೈಗೆ ನೀರು ತಡೆಯುವ ತೆಳು ಕೋಟಿಂಗ್. ಆ ಕೋಟಿಂಗ್ ಹೋದರೆ ರಗ್ಗಿನ ಕತೆ ಮುಗೀತು.

ನಾನು ಮಲೆನಾಡಿನವನು, ಮಳೆಗಾಲದಲ್ಲಿ ಬಚ್ಚಲೊಲೆ ಹತ್ತಿರ ಕಂಬಳಿ ಒಣಗಿಸಿ ಬೆಳೆದವನು. ಅದೇ ಬುದ್ಧಿಯಲ್ಲಿ ಮೊದಲ ವರ್ಷ ರಗ್ಗನ್ನು ಹೀಟರ್ ಮೇಲೆ ಹರವಿದೆ. ಬೆಳಗ್ಗೆ ಚೆನ್ನಾಗೇ ಒಣಗಿತ್ತು, ಮಡಚಿದರೆ ಮಾತ್ರ ಹಪ್ಪಳದ ಹಾಗೆ ಚರಚರ ಅಂತಿತ್ತು. ಮುಂದಿನ ಮಳೆಗೆ ಕುದುರೆ ಬೆನ್ನು ಪೂರ್ತಿ ಒದ್ದೆ! ಹೀಟರ್ ಬೇಡ, ಟಂಬಲ್ ಡ್ರೈಯರ್ ಅಂತೂ ಬೇಡವೇ ಬೇಡ.

ಬೇಕಿರೋದು ಸೂರು ಮತ್ತು ಗಾಳಿ. ಹಗ್ಗಕ್ಕಿಂತ ದಪ್ಪ ಗಳು ಒಳ್ಳೆಯದು, ಎರಡು ಮಗ್ಗಲೂ ಒಂದಕ್ಕೊಂದು ಅಂಟದೆ ಮಧ್ಯೆ ಗಾಳಿ ಆಡುತ್ತದೆ. ನೀರು ಸೋರಿದ ಮೇಲೆ ಒಳಮೈ ಹೊರಗೆ ಮಾಡಿ ಹಾಕಿ. ಒಣಗಿತು ಅಂತ ಅನಿಸಿದಾಗ ಕೆಳಗಿನ ಅಂಚನ್ನು ಎರಡು ಬೆರಳಲ್ಲಿ ಹಿಂಡಿ ನೋಡಿ, ನೀರೆಲ್ಲ ಇಳಿದು ಅಲ್ಲೇ ಕೂತಿರುತ್ತದೆ. ದಪ್ಪ ರಗ್ಗಿಗೆ ಒಂದು ರಾತ್ರಿ ಸಾಲದು, ಅದಕ್ಕೇ ಎರಡು ರಗ್ಗು ಇಟ್ಟುಕೊಂಡು ಬದಲಾಯಿಸುತ್ತಿದ್ದರೆ ತಲೆನೋವು ಕಮ್ಮಿ.

ಕೆಸರು ಹಸಿ ಇದ್ದಾಗ ಉಜ್ಜಬೇಡಿ. ಒಣಗಲಿ, ಆಮೇಲೆ ಬ್ರಷ್ ಹಾಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಪ್ರೆಷರ್ ವಾಷರ್ ಹಿಡಿದರೆ ಹೊಲಿಗೆಗೇ ಏಟು.

ಒಗೆಯೋದು ವರ್ಷಕ್ಕೊಂದು ಸಲ, ಚಳಿಗಾಲ ಮುಗಿದ ಮೇಲೆ, ಸಾಕು. ನೀರು 30 ಡಿಗ್ರಿ ದಾಟಬಾರದು. ಮನೆಯ ಡಿಟರ್ಜೆಂಟ್ ಬಟ್ಟೆಯಲ್ಲಿ ಉಳಿದುಬಿಟ್ಟರೆ ಹೊರಮೈ ನೀರು ಕುಡಿಯೋಕೆ ಶುರು ಮಾಡುತ್ತದೆ, ರಗ್ಗಿಗೆಂದೇ ಸಿಗುವ ಸೋಪು ತನ್ನಿ. ಒಗೆದ ಮೇಲೆ ರೀಪ್ರೂಫರ್, ಅಂದರೆ ಬಟ್ಟೆ ಮತ್ತೆ ನೀರು ತಡೆಯುವಂತೆ ಮಾಡುವ ದ್ರಾವಣ, ಹಚ್ಚಿ. ನೆಂದ ದಪ್ಪ ರಗ್ಗು ಮನೆ ಮಷೀನಿಗೆ ಜಾಸ್ತಿ ಭಾರ, ರಗ್ ಲಾಂಡ್ರಿಗೆ ಕೊಟ್ಟುಬಿಡಿ.

ಹೊರಮೈ ನೆಂದು ಕಪ್ಪಾದ ಮಾತ್ರಕ್ಕೆ ಸೋರುತ್ತಿದೆ ಅಂತಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಹತ್ತಿರ ರಗ್ಗಿನೊಳಗೆ ಕೈ ಹಾಕಿ ನೋಡಿ. ಸೋರಿಕೆ ಸಾಮಾನ್ಯವಾಗಿ ಮೊದಲು ಕಾಣೋದು ಅಲ್ಲೇ.

ಎತ್ತಿಡುವಾಗ ಬಕಲ್‌ಗಳಿಗೆ ಸ್ವಲ್ಪ ವ್ಯಾಸಲೀನ್ ಸವರಿ. ಒಂಚೂರು ಹಸಿ ಇದ್ದರೂ ಮಡಚಬೇಡಿ, ಬೂಷ್ಟು ಹಿಡಿಯುತ್ತದೆ. ಬಿಗಿಯಾದ ಪ್ಲಾಸ್ಟಿಕ್ ಚೀಲವೂ ಬೇಡ. ಹಾಗಂತ ಸುಮ್ನೆ ಮೂಲೆಗೆ ಎಸೆದರೆ ಇಲಿಗಳು ಒಳಗಿನ ಫಿಲ್ಲಿಂಗ್ ಕಿತ್ತು ಗೂಡು ಕಟ್ಟುತ್ತವೆ, ಮುಚ್ಚಳ ಇರುವ ಟ್ರಂಕಿನಲ್ಲಿಡಿ.